ಲಗ್ನಪತ್ರಿಕೆಯ ಲಲಿತ

ಮದುವೆ ಮಾಡಿಸುವವನಿಗೆ ಜನ ಎದ್ದು ಕೊಡುವ ಕುರ್ಚಿ ಮದುವೆ ಬಿಡಿಸಲು ಓಡಾಡುವವನಿಗೆ ಸಿಗುವುದಿಲ್ಲ. ಇಷ್ಟು ಸಣ್ಣ ವಿಷಯ ತಿಳಿಯಲು ನನಗೆ ಅರವತ್ತು ವರ್ಷ ಹಿಡಿಯಿತು. ಪುರವರದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು ನಾನು. ಆದರೆ ಮಧುಗಿರಿ ಸೀಮೆಯಲ್ಲಿ ಯಾರಾದರೂ ನನ್ನನ್ನು ನೆನಪಿಟ್ಟುಕೊಂಡಿದ್ದರೆ ಅದು ನನ್ನ ಪಾಠದಿಂದಲ್ಲ, ನಾನು ಕುದುರಿಸಿದ ಸಂಬಂಧಗಳಿಂದ. ದಯವಿಟ್ಟು ದಲ್ಲಾಳಿ ಅನ್ನಬೇಡಿ, ನನಗೆ ಸಿಟ್ಟು ಬರುತ್ತದೆ. ನಾನು ಯಾರಿಂದಲೂ ಏನನ್ನೂ ಕೇಳಿ ತೆಗೆದುಕೊಂಡವನಲ್ಲ. ಮೊದಲ ಪಂಕ್ತಿಯಲ್ಲಿ ಒಂದು ಎಲೆ, ಫೋಟೋದಲ್ಲಿ ಒಂದು ಜಾಗ, ಇಷ್ಟೇ ನನ್ನ ಬೇಡಿಕೆ. ಅದರಲ್ಲಿ ಎರಡನೆಯ ಬೇಡಿಕೆ ಒಂದು ದಿನ ನನ್ನನ್ನು ಕೋರ್ಟಿನ ಕಟಕಟೆಯವರೆಗೂ ಕರೆದುಕೊಂಡು ಹೋಗುತ್ತದೆ ಎಂದು ಯಾವ ಪಂಚಾಂಗವೂ ನನಗೆ ಹೇಳಿರಲಿಲ್ಲ.

ನನ್ನ ವಿಧಾನ ಬಹಳ ಸರಳ. ಮೂವತ್ತಮೂರು ವರ್ಷ ಹಾಜರಿ ಕೂಗಿದವನಿಗೆ ಯಾರ ಮನೆಯಲ್ಲಿ ಯಾವ ವಯಸ್ಸಿನವರಿದ್ದಾರೆ ಎಂದು ಬೇರೆ ಯಾರೂ ಹೇಳಬೇಕಾಗಿಲ್ಲ. ಇನ್ನು ಬಸ್ಸಿನಲ್ಲಿ ನನ್ನ ಪಕ್ಕ ಯಾರಾದರೂ ಮದುವೆಯಾಗದ ಹುಡುಗ ಕೂತನೋ, ಅವನು ಟಿಕೆಟ್ಟು ತೆಗೆಯುವಷ್ಟರಲ್ಲಿ ಅವನ ಊರು, ಕೆಲಸ, ಸಂಬಳದ ಅಂದಾಜು, ಮನೆದೇವರು ಎಲ್ಲ ನನ್ನ ಬಾಯಿಪಾಠ. ಮಧುಗಿರಿಯಲ್ಲಿ ಹತ್ತಿದರೆ ಬಡವನಹಳ್ಳಿ ಬರುವ ಹೊತ್ತಿಗೆ ಅವನಿಗೆ ಹೆಣ್ಣು ಗೊತ್ತಾಗಿರುತ್ತದೆ, ಅವನಿಗೆ ಮಾತ್ರ ಇನ್ನೂ ಗೊತ್ತಾಗಿರುವುದಿಲ್ಲ. ಹೀಗೆ ಇಪ್ಪತ್ತೇಳು ಮದುವೆ ಮಾಡಿಸಿದ್ದೇನೆ. ಇಪ್ಪತ್ತಾರು ಗಟ್ಟಿಯಾಗಿ ನಿಂತಿವೆ. ಎಷ್ಟು ಗಟ್ಟಿ ಎಂದರೆ, ದಾರಿಯಲ್ಲಿ ನನ್ನನ್ನು ಕಂಡರೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಮುಖ ಆಕಡೆ ತಿರುಗಿಸುತ್ತಾರೆ, ಅಷ್ಟು ಹೊಂದಾಣಿಕೆ. ಇಪ್ಪತ್ತೇಳನೆಯದು ಮಾತ್ರ ನಿಲ್ಲಲಿಲ್ಲ. ಅದು ನನ್ನ ಸ್ವಂತ ಅಕ್ಕನ ಮಗಳು ಪವಿತ್ರಳ ಮದುವೆ.

ಅಕ್ಕನ ಮನೆ ಕೊಳಾಲದಲ್ಲಿ. ಪವಿತ್ರ ಪುರವರದಲ್ಲಿ ನನ್ನ ಕೈಕೆಳಗೇ ಓದಿದವಳು, ಈಗ ಕೊರಟಗೆರೆಯ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬ್ ಟೆಕ್ನೀಷಿಯನ್. ಮಾತು ಹೆಚ್ಚು, ನಗು ಇನ್ನೂ ಹೆಚ್ಚು. ಸೂಜಿ ಚುಚ್ಚಿದ್ದು ಗೊತ್ತಾಗುವ ಮೊದಲೇ ಅವಳು ನಿಮ್ಮ ಮೂರು ತಲೆಮಾರು ವಿಚಾರಿಸಿ ಮುಗಿಸಿರುತ್ತಾಳೆ. ಈ ಗುಣ ಅವಳಿಗೆ ಸೋದರಮಾವನ ಕಡೆಯಿಂದ ಬಂದದ್ದು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಹುಡುಗ ಮಂಜುನಾಥ ಪಾವಗಡ ತಾಲ್ಲೂಕಿನ ವಳ್ಳೂರಿನವನು, ಅಲ್ಲಿಯ ಸೋಲಾರ್ ಪಾರ್ಕಿನಲ್ಲಿ ಕೆಲಸ. ಬಂಗಾರದಂಥ ಹುಡುಗ. ಕುಡಿಯುವುದಿಲ್ಲ, ಸೇದುವುದಿಲ್ಲ, ಮಾತೂ ಆಡುವುದಿಲ್ಲ. ಹೆಣ್ಣು ನೋಡುವ ದಿನ ಅವನು ತನ್ನ ಊರಿನ ತೆಲುಗು ಬೆರೆತ ಕನ್ನಡದಲ್ಲಿ ಆಡಿದ ಒಂದೇ ಮಾತು "ಸರೇ ಸಾರ್". ಅದನ್ನೂ ಕಾಫಿ ಕೊಡಲಾ ಎಂದು ಕೇಳಿದ್ದಕ್ಕೆ ಹೇಳಿದ್ದು. ನಾನು ಅದನ್ನೇ ಒಪ್ಪಿಗೆ ಎಂದು ತಿಳಿದು ಸಕ್ಕರೆ ಹಂಚಿಸಿದೆ.

ಒಂದೇ ಒಂದು ತೊಡಕು ಬಂತು. ಎರಡೂ ಮನೆಯಲ್ಲಿ ಜಾತಕ ಬರೆಸಿರಲಿಲ್ಲ. ನಮ್ಮ ಕಡೆ ಅಂಥವರಿಗೆ ಹೆಸರುಬಲ ನೋಡುತ್ತಾರೆ. ಗಂಡಿನ ಹೆಸರಿನ ಮೊದಲ ಅಕ್ಷರ, ಹೆಣ್ಣಿನ ಹೆಸರಿನ ಮೊದಲ ಅಕ್ಷರ ಹಿಡಿದು ಪಂಚಾಂಗದಲ್ಲಿ ಕೂಡುತ್ತದೋ ಇಲ್ಲವೋ ಎಂದು ಲೆಕ್ಕ ಹಾಕುವುದು. ಕೂಡದಿದ್ದರೆ ಯಾರೂ ಸಂಬಂಧ ಬಿಡುವುದಿಲ್ಲ, ಹೆಸರನ್ನು ಬಿಡುತ್ತಾರೆ. ನಮ್ಮ ಪುರೋಹಿತರು ಬೆರಳು ಮಡಚಿ ಬಿಡಿಸಿ, "ಮಂಜುನಾಥನಿಗೂ ಪವಿತ್ರಳಿಗೂ ಆಗಿಬರೋದಿಲ್ಲ ಮೇಷ್ಟ್ರೇ" ಅಂದರು. "ಯಾವ ಅಕ್ಷರ ಆದರೆ ಆಗಿಬರುತ್ತೆ ಅದನ್ನ ಹೇಳಿ ಸ್ವಾಮಿ" ಅಂದೆ. "ಲಕಾರ ಆದರೆ ಅಡ್ಡಿಯಿಲ್ಲ" ಅಂದರು. ಆ ಕ್ಷಣವೇ, ಅವರ ಜಗಲಿಯ ಮೇಲೇ, ನಾನು ನನ್ನ ಸೋದರಸೊಸೆಗೆ ಲಲಿತ ಎಂದು ಹೆಸರಿಟ್ಟೆ. ಲಗ್ನಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಚಿ. ಸೌ. ಲಲಿತ ಎಂದೇ ಅಚ್ಚಾಯಿತು. ಪತ್ರಿಕೆ ನೋಡಿದ ಆಸ್ಪತ್ರೆಯವರು ಪವಿತ್ರಳನ್ನು, "ನಿಮ್ಮ ತಂಗಿ ಮದುವೆನಾ?" ಎಂದು ಕೇಳಿದರಂತೆ. ನನ್ನ ಹೆಂಡತಿ ಸರೋಜ ಮಾತ್ರ ಪತ್ರಿಕೆಯನ್ನು ಬಹಳ ಹೊತ್ತು ನೋಡಿ, "ನೀವು ಗಂಡಸ್ರು ಎಂಗೆ ಬೇಕಾದ್ರೂ ಹೆಸರಿಡ್ತೀರ ಬುಡಿ" ಎಂದು ಒಳಗೆ ಹೋದಳು. ಆ ಮಾತಿನ ಹಿಂದೆ ಏನಿದೆ ಎಂದು ನಾನು ಆವತ್ತು ಯೋಚಿಸಲಿಲ್ಲ. ಬಾಳೆಕಂಬಕ್ಕೆ ಹೇಳಬೇಕಾಗಿತ್ತು.

ಮದುವೆ ಸಿರಾದ ಒಂದು ಛತ್ರದಲ್ಲಿ ಚೆನ್ನಾಗಿಯೇ ಆಯಿತು. ಆಮೇಲೆ ಸಂಸಾರ ಎಲ್ಲಿ ಹೂಡಬೇಕು ಎಂಬ ಪ್ರಶ್ನೆ. ಅವಳ ಕೆಲಸ ಕೊರಟಗೆರೆ, ಅವನದು ಪಾವಗಡದ ಆಚೆ. ಇದಕ್ಕೂ ನನ್ನ ಬಳಿ ಉತ್ತರ ಇತ್ತು. "ನಡುಮಧ್ಯೆ ಮಧುಗಿರಿ ಇದೆಯಲ್ಲ, ನಮ್ಮ ಮನೆ ಹಿಂದಿನ ಬೀದಿಯಲ್ಲೇ ಮನೆ ಮಾಡಿ, ಇಬ್ಬರಿಗೂ ಅನ್ಯಾಯ ಆಗೋದಿಲ್ಲ" ಅಂದೆ. ಇಬ್ಬರಿಗೂ ಸಮನಾಗಿ ಅನ್ಯಾಯವಾಯಿತು. ಬೆಳಿಗ್ಗೆ ಅವಳು ದಕ್ಷಿಣದ ಬಸ್ಸು ಹತ್ತಿದರೆ ಅವನು ಉತ್ತರದ ಬಸ್ಸು. ಅವನಿಗೆ ಶಿಫ್ಟು, ಇವಳಿಗೂ ಶಿಫ್ಟು. ಅವನು ಬಂದಾಗ ಇವಳು ಮಲಗಿರುತ್ತಿದ್ದಳು, ಇವಳು ಎದ್ದಾಗ ಅವನು ಹೊರಟಿರುತ್ತಿದ್ದ. ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಎದುರುಬದುರು ಪ್ಲಾಟ್‌ಫಾರಂನಲ್ಲಿ ನಿಂತು ಇಬ್ಬರೂ ಪರಿಚಯದವರ ಹಾಗೆ ತಲೆ ಆಡಿಸುತ್ತಿದ್ದದ್ದನ್ನು ನಾನೇ ನೋಡಿದ್ದೇನೆ. ರಜೆಯ ದಿನವೂ ಅಷ್ಟೇ. ಇವಳಿಗೆ ವಾರದ ಮಾತೆಲ್ಲ ಆಡಿ ಮುಗಿಸಬೇಕು, ಅವನಿಗೆ ವಾರದ ಸದ್ದೆಲ್ಲ ಇಳಿಯುವವರೆಗೆ ಸುಮ್ಮನೆ ಕೂರಬೇಕು. ಜಗಳವೇ ಇಲ್ಲ. ಜಗಳ ಆಡಲು ಇಬ್ಬರೂ ಒಂದೇ ಹೊತ್ತಿಗೆ ಎಚ್ಚರವಾಗಿರಬೇಕಲ್ಲ! ಎರಡು ವರ್ಷ ಕಳೆದ ಮೇಲೆ ಅವಳು ಒಂದು ಚೀಲ ಹಿಡಿದು ಕೊರಟಗೆರೆಗೆ ಹೋದಳು, ಅವನು ಒಂದು ಚೀಲ ಹಿಡಿದು ವಳ್ಳೂರಿಗೆ ಹೋದ. ಮನೆ ಖಾಲಿಯಾಗಿದೆ ಎಂದು ನಮಗೆ ಮನೆಯೊಡೆಯ ಹೇಳಿದ ಮೇಲೆ ಗೊತ್ತಾಯಿತು.

ಇನ್ನೆರಡು ವರ್ಷ ನಾನು ಸುಮ್ಮನಿದ್ದೆ. ತಾನೇ ಸರಿಹೋಗುತ್ತದೆ ಎಂದು ಅಕ್ಕನಿಗೆ ಹೇಳಿದೆ, ಅಕ್ಕ ಊರಿಗೆ ಹೇಳಿದಳು. ಕೊನೆಗೆ ಒಂದು ಭಾನುವಾರ ಪವಿತ್ರ ನಮ್ಮ ಮನೆಗೆ ಬಂದು, ಕಾಲು ತೊಳೆದು, ಚಾಪೆಯ ಮೇಲೆ ಕೂತು, "ಮಾವ, ನೀನೇ ಕಟ್ಸಿದ್ದು, ನೀನೇ ಬಿಚ್ಸು" ಅಂದಳು. ಮಂಜುನಾಥನ ಹತ್ತಿರ ಫೋನಿನಲ್ಲಿ ಮಾತಾಗಿದೆಯಂತೆ, ಇಬ್ಬರಿಗೂ ಒಪ್ಪಿಗೆಯಂತೆ. ಅವನನ್ನು ಕಂಪನಿಯವರು ರಾಜಸ್ಥಾನಕ್ಕೆ ಹಾಕಿದ್ದಾರೆ, ಇಪ್ಪತ್ತು ದಿನದಲ್ಲಿ ಹೊರಡಬೇಕು. ಅಷ್ಟರೊಳಗೆ ಅರ್ಜಿ ಹಾಕಿ ಜಡ್ಜ್ ಮುಂದೆ ನಿಲ್ಲದಿದ್ದರೆ ಆಮೇಲೆ ಅವನು ಯಾವಾಗ ಕೈಗೆ ಸಿಗುತ್ತಾನೋ ದೇವರೇ ಬಲ್ಲ. ನಾನು ಬುದ್ಧಿಮಾತು ಶುರುಮಾಡಿದೆ. ಸಂಸಾರ ಅಂದಮೇಲೆ, ಹೆಣ್ಣು ಅಂದಮೇಲೆ, ಎಂದು ಪೀಠಿಕೆ ಹಾಕುತ್ತಿದ್ದಂತೆ ಅವಳು ತಡೆದಳು.

"ಮಾವ, ನಾವು ಒಂದು ಬಾಟ್ಲಿ ರಕ್ತ ಕೊಡೋಕೆ ಮುಂಚೆ ಎರಡು ಸಲ ಕೂಡುತ್ತಾ ಅಂತ ನೋಡ್ತೀವಿ. ನೀನು ಬಾಟ್ಲಿ ಮೇಲಿನ ಚೀಟಿ ಬದಲಾಯಿಸಿ ಹಚ್ಬುಟ್ಟೆ ಕಣೋ" ಅಂದಳು. ನಗುತ್ತಲೇ ಅಂದಳು. ಆಮೇಲೆ ನಗು ನಿಲ್ಲಿಸಿದಳು. "ಯಾವ ಅರ್ಜಿ ತಗೊಂಡ್ರೂ ಮದುವೆ ಆಗಿದೆಯೋ ಇಲ್ವೋ ಅಂತ ಒಂದು ಗೆರೆ ಇರ್ತದೆ ಮಾವ. ಎರಡು ವರ್ಷದಿಂದ ಆ ಗೆರೆ ಹತ್ರ ಬಂದು ಪೆನ್ನು ನಿಂತ್ಕತದೆ. ಆಗಿದೆ ಅಂದ್ರೆ ಗಂಡ ಎಲ್ಲಿ ಅಂತಾರೆ, ಇಲ್ಲ ಅಂದ್ರೆ ಸುಳ್ಳಾಯ್ತದೆ. ನಂಗೆ ಅದೊಂದು ಗೆರೆ ತುಂಬ್ಸಿಕೊಡು, ಸಾಕು."

ಆವತ್ತು ನನಗೆ ನಿಜವಾಗಿಯೂ ನಾಚಿಕೆಯಾಯಿತು. ಇಪ್ಪತ್ತೇಳು ಮದುವೆ ಎಂದು ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದವನಿಗೆ, ಅದರಲ್ಲಿ ಒಂದರೊಳಗೆ ಒಬ್ಬ ಹುಡುಗಿ ಇದ್ದಾಳೆ ಎಂಬುದು ಮರೆತೇಹೋಗಿತ್ತು.

ಮರುದಿನವೇ ನಾನು ವಕೀಲರ ಬೇಟೆಗೆ ಹೊರಟೆ. ವಕೀಲರೆಂದರೆ ನನಗೆ ಮೊದಲಿಂದಲೂ ಸ್ವಲ್ಪ ಅಂಜಿಕೆ. ಅವರು ಕೇಳುವ ಪ್ರಶ್ನೆಗೆ ಹೌದು ಅಂದರೂ ಸಿಕ್ಕಿಬೀಳುತ್ತೇವೆ, ಇಲ್ಲ ಅಂದರೂ ಸಿಕ್ಕಿಬೀಳುತ್ತೇವೆ. ಆದ್ದರಿಂದ ಮೊದಲು ಕಟಿಂಗ್ ಷಾಪಿನಲ್ಲಿ ವಿಚಾರಿಸಿದೆ, ಹೋಟೆಲಿನಲ್ಲಿ ವಿಚಾರಿಸಿದೆ. ಮಧುಗಿರಿಯಲ್ಲಿ ಕಾನೂನು ಓದಿದವರಿಗಿಂತ ಕಾನೂನು ಹೇಳುವವರೇ ಜಾಸ್ತಿ. ಒಬ್ಬ ಏಳು ವರ್ಷ ಬೇಕು ಅಂದ, ಒಬ್ಬ ಪೇಪರಿನಲ್ಲಿ ಜಾಹೀರಾತು ಕೊಟ್ಟರೆ ಸಾಕು ಅಂದ, ಇನ್ನೊಬ್ಬ ಛಾಪಾ ಕಾಗದದ ಮೇಲೆ ಇಬ್ಬರೂ ಸಹಿ ಮಾಡಿ ಬೆಟ್ಟದ ಕಡೆ ಮುಖ ಮಾಡಿ ಕೈಮುಗಿದರೆ ಆಗಿಹೋಯಿತು ಅಂದ. ಹೀಗೆ ಒಂದು ವಾರ ಅಲೆದು, ಕೊನೆಗೆ ಪರಿಚಯದ ಒಬ್ಬ ಹಿರಿಯ ವಕೀಲರ ಆಫೀಸಿಗೆ ಹೋಗಿ ಕೂತೆ. ಅವರು ಕನ್ನಡಕ ಹಣೆಗೇರಿಸಿ, "ಹುಡುಗ ಕುಡೀತಾನಾ?" ಅಂದರು. ಇಲ್ಲ ಅಂದೆ. "ಹೊಡೀತಾನಾ?" ಇಲ್ಲ ಅಂದೆ. "ಬೇರೆ ಏನಾದ್ರೂ ಸಹವಾಸ?" ಸೋಲಾರ್ ಫಲಕ ಬಿಟ್ಟರೆ ಯಾರ ಸಹವಾಸವೂ ಇಲ್ಲ ಅಂದೆ. ಅವರು ಬಹಳ ನೊಂದುಕೊಂಡು, "ಏನೂ ಇಲ್ಲದೆ ಹೆಂಗ್ರೀ ಕೇಸು ನಡೆಸೋದು? ಮನೆಗೆ ಹೋಗಿ ಏನಾದ್ರೂ ನೆನಪಿಸ್ಕೊಂಡು ಬನ್ನಿ" ಎಂದು ಕಳಿಸಿಬಿಟ್ಟರು. ಒಳ್ಳೆಯ ಹುಡುಗನನ್ನು ಹುಡುಕಿದ್ದಕ್ಕೆ ಜೀವನದಲ್ಲಿ ಮೊದಲ ಸಲ ನನಗೆ ಪಶ್ಚಾತ್ತಾಪವಾಯಿತು.

ಸಂಜೆ ಪವಿತ್ರಳಿಗೆ ಫೋನು ಮಾಡಿ ನನ್ನ ಸೋಲು ವರದಿ ಮಾಡಿದೆ. ಅವಳು, "ಮಾವ, ಹೆಂಗಸ್ರಿಗೆ ಸರ್ಕಾರದಿಂದ್ಲೇ ಪುಕ್ಕಟೆ ವಕೀಲ್ರು ಸಿಗ್ತಾರಲ್ವಾ?" ಅಂದಳು. "ನಿಂಗೆ ಯಾರು ಹೇಳಿದ್ದು?" ಅಂದೆ. "ನೀನೇ! ಒಂಬತ್ತನೇ ಕ್ಲಾಸಲ್ಲಿ. ಎರಡು ಮಾರ್ಕ್ಸಿನ ಪ್ರಶ್ನೆ. ಇಂಪಾರ್ಟೆಂಟ್ ಅಂತ ಕೆಳಗೆ ಗೆರೆ ಎಳೆಸಿದ್ದೆ." ಹೌದು, ಎಳೆಸಿದ್ದೆ. ಮೂವತ್ತಮೂರು ವರ್ಷ ಗೆರೆ ಎಳೆಸಿದ್ದೆ. ಉಚಿತ ಕಾನೂನು ನೆರವು ಎಂದರೇನು, ಯಾರು ಅರ್ಹರು ಎಂದು ಉತ್ತರ ಉರು ಹೊಡೆಸಿ, ತಪ್ಪಿದವರ ಕಿವಿ ಹಿಂಡಿದ್ದೆ. ಅದರ ಬಾಗಿಲು ನನ್ನ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ, ಕೋರ್ಟಿನ ಆವರಣದಲ್ಲೇ ಇದೆ ಎಂದು ನನಗೇ ಗೊತ್ತಿರಲಿಲ್ಲ. ಪರೀಕ್ಷೆಯಲ್ಲಿ ಬರುವ ವಿಷಯ ಊರಿನಲ್ಲೂ ಇರಬಹುದು ಎಂದು ನಾನು ಅಂದುಕೊಂಡಿರಲಿಲ್ಲ.

ಮಾರನೆಯ ದಿನ ಪವಿತ್ರ ರಜೆ ಹಾಕಿ ಬಂದಳು. ಉಚಿತ ನೆರವಿನ ಕೊಠಡಿಯಲ್ಲಿ ಒಂದು ಅರ್ಜಿ, ಒಂದು ಗುರುತಿನ ಚೀಟಿ, ಎರಡು ಮಾತು. ಅಷ್ಟರಲ್ಲೇ ಅವಳಿಗೆ ವಕೀಲರು ನೇಮಕವಾದರು. ರೂಪಾ ಮೇಡಂ ಎಂದು, ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಯಾರ ತಪ್ಪು ಎಂದು ಅವರು ಕೇಳಲೇ ಇಲ್ಲ. "ಇಬ್ಬರಿಗೂ ಒಪ್ಪಿಗೆ ಇದೆಯಲ್ಲ, ಒಂದೇ ಅರ್ಜಿ ಹಾಕೋಣ. ಈಗ ಒಂದು ಸಲ ಇಬ್ಬರೂ ಬಂದು ಹೇಳಿಕೆ ಕೊಡಬೇಕು, ಆರು ತಿಂಗಳಾದ ಮೇಲೆ ಇನ್ನೊಂದು ಸಲ. ಅಷ್ಟೇ" ಅಂದರು. ನನಗೆ ಸ್ವಲ್ಪ ನಿರಾಸೆಯೇ ಆಯಿತು. ಮದುವೆಗೆ ನಾನು ಐದು ತಿಂಗಳು ಚಪ್ಪಲಿ ಸವೆಸಿದ್ದೆ. ಬಿಡುಗಡೆ ಇಷ್ಟು ಸಲೀಸೇ ಎಂದುಕೊಳ್ಳುವಷ್ಟರಲ್ಲಿ ಮೇಡಂ, "ಮದುವೆ ಆಗಿರೋದಕ್ಕೆ ದಾಖಲೆ ಕೊಡಿ" ಅಂದರು.

ಮದುವೆ ನೋಂದಣಿ ಆಗಿರಲಿಲ್ಲ. ಛತ್ರದಲ್ಲಿ ಮುನ್ನೂರು ಜನ ಉಂಡಿರುವಾಗ ನೋಂದಣಿ ಯಾಕೆ ಎಂದು ಆಗ ಅಂದವನೂ ನಾನೇ. ಹೆಮ್ಮೆಯಿಂದ ಲಗ್ನಪತ್ರಿಕೆ ತೆಗೆದುಕೊಟ್ಟೆ, ಏಕೆಂದರೆ ಅದರ ಒಕ್ಕಣೆ ನನ್ನದೇ. ಮೇಡಂ ಓದಿದರು. "ಲಲಿತ ಯಾರು?" ಅಂದರು. ನಾನು ಪವಿತ್ರಳ ಮುಖ ನೋಡಿದೆ, ಪವಿತ್ರ ಫ್ಯಾನು ನೋಡಿದಳು. ಹೆಸರುಬಲದ ಕಥೆಯನ್ನು ಆದಷ್ಟು ಗಂಭೀರವಾಗಿ ಹೇಳಿದೆ. "ಸರಿ, ಫೋಟೋದಲ್ಲಿ ಮುಖ ಕಂಡರೆ ಸಾಕು. ತಾಳಿ ಕಟ್ಟೋ ಫೋಟೋ ಕೊಡಿ" ಅಂದರು. ಆಲ್ಬಂ ತೆರೆದೆ. ನೂರೈವತ್ತು ಫೋಟೋಗಳಲ್ಲಿ ಸುಮಾರು ನೂರರಲ್ಲಿ ನಾನಿದ್ದೇನೆ. ಧಾರೆಯಲ್ಲಿ ನಾನು, ಆರತಕ್ಷತೆಯಲ್ಲಿ ನಾನು, ಹೆಣ್ಣುಮಕ್ಕಳ ಆರತಿಯಲ್ಲೂ ನಡುವೆ ನಾನು. ತಾಳಿ ಕಟ್ಟುವ ಫೋಟೋದಲ್ಲಿ ಮಂಜುನಾಥ ಕೈಯೆತ್ತಿದ್ದಾನೆ, ಅಕ್ಷತೆ ಹಾರುತ್ತಿದೆ, ಮದುಮಗಳ ಮುಖ ಇರಬೇಕಾದ ಜಾಗದಲ್ಲಿ ನನ್ನ ಬೋಳುತಲೆ ವೀಡಿಯೋ ಲೈಟಿಗೆ ಫಳಫಳ ಹೊಳೆಯುತ್ತಿದೆ.

ರೂಪಾ ಮೇಡಂ ಪತ್ರಿಕೆಯನ್ನು ಒಂದು ಕಡೆ, ಫೋಟೋವನ್ನು ಇನ್ನೊಂದು ಕಡೆ ಇಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದರು. "ಮೇಷ್ಟ್ರೇ, ಈ ಎರಡು ದಾಖಲೆ ಪ್ರಕಾರ ಮಂಜುನಾಥ ಲಲಿತ ಅನ್ನೋರನ್ನ ಮದುವೆ ಆಗಿದಾರೆ, ಆ ಲಲಿತ ನೀವು" ಅಂದರು. ಪವಿತ್ರ ಬೆಂಚಿನ ಮೇಲೆ ಬಿದ್ದು ನಕ್ಕಳು. ಪಕ್ಕದ ಮೇಜಿನ ಗುಮಾಸ್ತರೂ ನಕ್ಕರು. ನಾನು ಮಾತ್ರ ದಿನ ಲೆಕ್ಕ ಹಾಕಿದೆ. ಇಪ್ಪತ್ತರಲ್ಲಿ ಎಂಟು ದಿನ ಕಳೆದಿತ್ತು.

ಸಿರಾದ ಫೋಟೋಗ್ರಾಫರ್ ನಜೀರ್ ಸಾಹೇಬರ ಸ್ಟುಡಿಯೋಗೆ ಓಡಿದೆ. ಅವರ ಬಳಿ ಮದುವೆಯ ಪೂರ್ತಿ ವೀಡಿಯೋ ಇನ್ನೂ ಕಂಪ್ಯೂಟರಿನಲ್ಲಿತ್ತು. ನನ್ನನ್ನು ಕಂಡ ಕೂಡಲೇ, "ಆಯಿಯೇ ಮೇಷ್ಟ್ರೇ! ಇಪ್ಪತ್ತೆಂಟನೇದು ಯಾವಾಗ?" ಅಂದರು. ವಿಷಯ ಹೇಳಿದೆ. ಅವರು ಎದೆಯ ಮೇಲೆ ಕೈಯಿಟ್ಟು, "ಅಯ್ಯೋ ಅಲ್ಲಾ, ಆ ಹುಡುಗಿನಾ? ನಗ್ತಾ ನಗ್ತಾ ಇರೋ ಬಚ್ಚಿ" ಎಂದು ಮರುಗಿದರು. ಆಮೇಲೆ ಚಹಾ ತರಿಸಿ ವೀಡಿಯೋ ಹಚ್ಚಿದರು. ಮಂಟಪ ಬಂತು, ವಾಲಗ ಬಂತು, ನಾನು ಬಂದೆ. ವಾಲಗದ ನಡುವೆ ಒಂದು ದನಿ ಕೇಳಿಸಿತು: "ಮೇಷ್ಟ್ರೇ, ಜರಾ ಬಾಜೂಗೆ!" ಇನ್ನೊಂದು ನಿಮಿಷಕ್ಕೆ, "ಮೇಷ್ಟ್ರೇ, ಹುಡುಗಿ ಕಾಣಿಸ್ತಿಲ್ಲ!" ಮತ್ತೊಂದು ನಿಮಿಷಕ್ಕೆ, "ಯಾ ಖುದಾ!" ಎಲ್ಲವೂ ನಜೀರ್ ಸಾಹೇಬರದೇ ದನಿ. "ನೋಡಿ, ಏಳು ಸಲ ಕೂಗಿದೀನಿ. ನಿಮ್ಮ ಕಿವಿ ವಾಲಗದ ಕಡೆ, ಮುಖ ಕ್ಯಾಮೆರಾ ಕಡೆ" ಅಂದರು. ನಾನು ಚಹಾ ಕುಡಿಯುವುದರಲ್ಲಿ ಮಗ್ನನಾದೆ.

ತಾಳಿ ಕಟ್ಟುವ ಗಳಿಗೆ ಬಂತು. ಪರದೆಯ ತುಂಬ ನನ್ನ ತಲೆ. ಇನ್ನೇನು ಮುಗಿಯಿತು ಎನ್ನುವಾಗ ಪರದೆಯೊಳಗಿನ ನಾನು ಜೋರಾಗಿ ಅಕ್ಷತೆ ಎರಚಿದೆ, ಕನ್ನಡಕ ಜಾರಿ ಬಿತ್ತು, ಅದನ್ನು ಹುಡುಕಲು ಬಗ್ಗಿದೆ. ಆಗ ಕಂಡಳು ಪವಿತ್ರ. ತಲೆ ತಗ್ಗಿಸಿಕೊಂಡು, ಕೊರಳು ಮುಂದೆ ಮಾಡಿ, ತುಟಿ ಕಚ್ಚಿ ನಗು ತಡೆಯುತ್ತಿದ್ದಳು, ನನ್ನ ಕನ್ನಡಕ ಬಿದ್ದದ್ದನ್ನು ನೋಡಿಯೇ ಇರಬೇಕು. ಮಂಜುನಾಥನ ಬೆರಳು ಗಂಟು ಹಾಕುತ್ತಿತ್ತು. ಮೂರು ಸೆಕೆಂಡು. ಆಮೇಲೆ ಮತ್ತೆ ನಾನು ಎದ್ದು ನಿಂತೆ. "ರುಕೋ ರುಕೋ" ಎಂದು ನಜೀರ್ ಸಾಹೇಬರು ಸ್ವಲ್ಪ ಹಿಂದಕ್ಕೆ ಓಡಿಸಿ, ಪವಿತ್ರಳ ಮುಖದ ಮೇಲೆ ನಿಲ್ಲಿಸಿ ಮುದ್ರಿಸಿಕೊಟ್ಟರು. ನಾನು ಮಾಡಿಸಿದ ಮದುವೆಗೆ ಇದ್ದ ಒಂದೇ ಸಾಕ್ಷಿ, ನಾನು ಅಡ್ಡ ಇಲ್ಲದ ಆ ಮೂರು ಸೆಕೆಂಡು. ಬಸ್ಸಿನಲ್ಲಿ ಬರುವಾಗ ಆ ಫೋಟೋವನ್ನು ಎಷ್ಟು ಸಲ ತೆಗೆದು ನೋಡಿದೆನೋ. ಪಕ್ಕದಲ್ಲಿ ಮದುವೆಯಾಗದ ಹುಡುಗನೊಬ್ಬ ಕೂತಿದ್ದ. ಬಡವನಹಳ್ಳಿ ದಾಟಿದರೂ ನಾನು ಅವನ ಊರು ಕೇಳಲಿಲ್ಲ.

ಮಂಜುನಾಥ ಹೊರಡಲು ಇನ್ನು ಮೂರು ದಿನ ಇದೆ ಎನ್ನುವಾಗ ನಮ್ಮ ಅರ್ಜಿ ಜಡ್ಜ್ ಮುಂದೆ ಬಂತು. ಅವನು ಬೆಳಿಗ್ಗೆ ಮೊದಲ ಬಸ್ಸಿಗೇ ಬಂದು ಕೋರ್ಟಿನ ಮುಂದಿನ ಹುಣಸೆಮರದ ಕೆಳಗೆ ನಿಂತಿದ್ದ. ನನಗೆ ಅವನ ಮುಖ ನೋಡಲು ಸಂಕೋಚ. "ಏನಪ್ಪ ಮಂಜುನಾಥ, ನನ್ನ ಮೇಲೆ ಕೋಪಾನಾ?" ಅಂದೆ. "ಅಯ್ಯೋ ಲೇದು ಸಾರ್, ಏಮಿ ಕೋಪ! ಪವಿತ್ರಾವ್ರು ಮಂಚಿ ಮನಿಷಿ ಸಾರ್. ನಾನೂ ಒಳ್ಳೇವ್ನೇ. ಆದ್ರೆ ಇಬ್ರೂ ಒಳ್ಳೇವ್ರು ಅಂತ ಒಂದೇ ಮನೇಲಿ ಕೂರೋಕಾಗಲ್ಲ ಕದಾ ಸಾರ್" ಅಂದ. ನಾಲ್ಕು ವರ್ಷದಲ್ಲಿ ಅವನು ನನ್ನೊಡನೆ ಆಡಿದ ಅತಿ ಉದ್ದದ ಮಾತು ಅದೇ. ಪವಿತ್ರ ಪಕ್ಕದಲ್ಲಿ ನಿಂತು, "ನೋಡು ಮಾವ, ಇಷ್ಟು ಮಾತು ನಂಜೊತೆ ಆಡಿದ್ರೆ ನಾವು ಇಲ್ಲಿಗೆ ಬರ್ತಾನೇ ಇರ್ಲಿಲ್ಲ" ಅಂದಳು. ಮೂವರೂ ನಕ್ಕೆವು, ಆದರೆ ಆ ನಗು ಬೇಗ ಮುಗಿಯಿತು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ಪವಿತ್ರ, ಲಲಿತ ಇಬ್ಬರೂ ಒಬ್ಬಳೇ ಎಂದು ನಾನು ಪ್ರಮಾಣಪತ್ರ ಕೊಟ್ಟಿದ್ದೆ. ಅಷ್ಟು ಸಾಲದೆ ಜಡ್ಜ್ ಸಾಹೇಬರು ನನ್ನನ್ನೇ ಕಟಕಟೆಗೆ ಕರೆದರು. ವಯಸ್ಸಾದ ಶಾಂತ ಮನುಷ್ಯ. ಪತ್ರಿಕೆ ತಿರುಗಿಸಿ ಮುರುಗಿಸಿ ನೋಡಿ, "ಈ ಲಲಿತ ಅನ್ನೋ ಹೆಸರು ಇಟ್ಟೋರು ಯಾರು?" ಅಂದರು. "ನಾನೇ ಸ್ವಾಮಿ." "ಯಾಕೆ?" "ಹೆಸರು ಕೂಡಿಬರಲಿಲ್ಲ ಸ್ವಾಮಿ. ಕೂಡಿಬರಲಿ ಅಂತ ಬದಲಾಯಿಸಿದೆ." ಅವರು ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ಕೆಳಗೆ ನಿಂತಿದ್ದ ಆ ಇಬ್ಬರನ್ನು ನೋಡಿದರು. "ಕೂಡಿಬಂತಾ?" ಅಂದರು.

ಮೂವತ್ತಮೂರು ವರ್ಷ ಪ್ರಶ್ನೆ ಕೇಳಿಯೇ ಬದುಕಿದವನು ನಾನು. ಉತ್ತರ ಗೊತ್ತಿದ್ದೂ ಹೇಳಲಾಗದೆ ನಿಲ್ಲುವ ಮಕ್ಕಳ ಕಷ್ಟ ಏನೆಂದು ಆವತ್ತು ತಿಳಿಯಿತು. "ಇಲ್ಲ ಸ್ವಾಮಿ. ನಂದೇ ತಪ್ಪು" ಅಂದೆ. ಸಾಹೇಬರು ಮೂರು ಸೆಕೆಂಡಿನ ಆ ಫೋಟೋ ನೋಡಿದರು, ಪವಿತ್ರಳ ಮುಖ ನೋಡಿದರು, ಇಬ್ಬರನ್ನೂ ಎರಡೆರಡು ಪ್ರಶ್ನೆ ಕೇಳಿ ಆರು ತಿಂಗಳಿಗೆ ದಿನ ಕೊಟ್ಟರು. ಆರು ತಿಂಗಳಾದ ಮೇಲೆ ಮಂಜುನಾಥ ರಾಜಸ್ಥಾನದಿಂದ ರೈಲು ಹತ್ತಿ ತಪ್ಪದೆ ಬಂದ, ಮೊದಲಿಗಿಂತ ಕಪ್ಪಗಾಗಿ, ಸ್ವಲ್ಪ ಮಾತುಗಾರನಾಗಿ. ಆವತ್ತೇ ತೀರ್ಪಾಯಿತು. ಹೋಟೆಲಿನಲ್ಲಿ ಒಟ್ಟಿಗೆ ತಿಂಡಿ ತಿಂದೆವು. ಬಸ್‌ಸ್ಟ್ಯಾಂಡಿನಲ್ಲಿ ಅವನು ಪಾವಗಡದ ಬಸ್ಸು ಹತ್ತಿದ, ಇವಳು ಕೊರಟಗೆರೆ ಬಸ್ಸು ಹತ್ತಿದಳು. ಈ ಸಲ ಬರೀ ತಲೆ ಆಡಿಸಲಿಲ್ಲ, ಇಬ್ಬರೂ ಕಿಟಕಿಯಿಂದ ಕೈ ಬೀಸಿದರು. ಪವಿತ್ರ ಕೊರಟಗೆರೆ ತಲುಪಿದ ಮೇಲೆ ನನ್ನ ಫೋನಿಗೆ ಯಾವುದೋ ಅರ್ಜಿಯ ಫೋಟೋ ಕಳಿಸಿದಳು. ಮದುವೆ ಆಗಿದೆಯೋ ಇಲ್ಲವೋ ಎಂಬ ಆ ಒಂದು ಗೆರೆ ತುಂಬಿತ್ತು. ಅಕ್ಷರಗಳು ದುಂಡಗಿದ್ದವು, ನಾನೇ ತಿದ್ದಿಸಿದ್ದು.

ಇಷ್ಟಕ್ಕೆ ನನ್ನ ಕಥೆ ಮುಗಿಯಬೇಕಿತ್ತು. ಆದರೆ ನಾನು ಮನೆಗೆ ಬಂದು ಕಟಕಟೆಯ ಪ್ರಸಂಗವನ್ನು ಇನ್ನೊಮ್ಮೆ ರಂಗು ಹಚ್ಚಿ ಹೇಳುತ್ತಿದ್ದಾಗ ಸರೋಜ ಎದ್ದು ಒಳಗೆ ಹೋದಳು. ಟ್ರಂಕಿನ ತಳದಿಂದ ಹಳದಿ ತಿರುಗಿದ ಒಂದು ಕಾಗದ ತಂದು ನನ್ನ ಮುಂದೆ ಹಿಡಿದಳು. ನಮ್ಮದೇ ಲಗ್ನಪತ್ರಿಕೆ. "ಓದ್ರಿ, ಮದ್ಲಗಿತ್ತಿ ಹೆಸ್ರು ಏನೈತೆ?" ಅಂದಳು. ಕನ್ನಡಕ ಸರಿಮಾಡಿಕೊಂಡು ಓದಿದೆ. ಚಿ. ಸೌ. ಗಿರಿಜ. ನಮ್ಮಪ್ಪ, ನನ್ನ ಹೆಸರಿಗೆ ಸರೋಜ ಕೂಡುವುದಿಲ್ಲ ಎಂದು ಇಟ್ಟ ಹೆಸರು. ನನಗೆ ಪೂರ್ತಿ ಮರೆತೇಹೋಗಿತ್ತು, ಅವಳಿಗೆ ಮೂವತ್ತೊಂದು ವರ್ಷ ಮರೆತಿರಲಿಲ್ಲ. "ನಿಮ್ಮ ಕಾನೂನಿನ ಪ್ರಕಾರ ನಾನು ಈ ಮನೇಲಿ ಯಾರು? ಯಾರೂ ಅಲ್ಲ. ಇವತ್ತು ಮುದ್ದೆ ಗಿರಿಜಮ್ಮನ ಕೈಲೇ ತಿರುವಿಸ್ಕಳಿ" ಎಂದು ಟಿವಿ ಮುಂದೆ ಹೋಗಿ ಕೂತಳು. ನಾನು ಗಿರಿಜಮ್ಮನನ್ನು ಎಲ್ಲಿಂದ ತರಲಿ? ಆವತ್ತು ಮುದ್ದೆ ನಾನೇ ತಿರುವಿದೆ. ಅದನ್ನು ಮುದ್ದೆ ಎಂದು ಸಾಬೀತು ಮಾಡಲು ಯಾವ ವಕೀಲರಿಂದಲೂ ಆಗುತ್ತಿರಲಿಲ್ಲ.

ಮರುವಾರವೇ ನಮ್ಮ ಮದುವೆ ನೋಂದಣಿಗೆ ಅರ್ಜಿ ಹಾಕಿದೆ. ಸರೋಜ, ಗಿರಿಜ ಇಬ್ಬರೂ ಒಬ್ಬಳೇ ಎಂಬ ಪ್ರಮಾಣಪತ್ರ ಬರೆಸುವುದರಲ್ಲಿ ಈಗ ಈ ನಾಲ್ಕು ತಾಲ್ಲೂಕಿನಲ್ಲಿ ನನ್ನಷ್ಟು ಅನುಭವಸ್ಥರು ಯಾರೂ ಇಲ್ಲ. ಸಾಕ್ಷಿ ಹಾಕಲು ಪವಿತ್ರ ಕೊರಟಗೆರೆಯಿಂದ ಬಂದಳು. ಕಚೇರಿಯಲ್ಲಿ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ ಕ್ಯಾಮೆರಾ ಹಚ್ಚಿದರು. ಆಪರೇಟರ್ ಹುಡುಗಿ ಎರಡು ಸಲ ಕ್ಲಿಕ್ಕಿಸಿ, ಎರಡು ಸಲ ತಲೆ ಅಲ್ಲಾಡಿಸಿ, "ಸಾರ್, ಸ್ವಲ್ಪ ಪಕ್ಕಕ್ಕೆ ಸರೀರಿ, ಅಮ್ಮೋರ ಮುಖ ಕಾಣಿಸ್ತಿಲ್ಲ" ಅಂದಳು. ಹಿಂದೆ ನಿಂತಿದ್ದ ಪವಿತ್ರ ನನ್ನ ಭುಜ ಹಿಡಿದು ಒಂದು ಗೇಣು ಆಚೆಗೆ ಎಳೆದಳು. ನಮ್ಮ ಮದುವೆಯಾದ ಮೂವತ್ತೊಂದು ವರ್ಷಕ್ಕೆ ನನ್ನ ಹೆಂಡತಿ ನನ್ನ ಪಕ್ಕದಲ್ಲಿ ಪೂರ್ತಿಯಾಗಿ ಕಾಣಿಸಿದಳು. ಚೆನ್ನಾಗಿದ್ದಳು, ಸುಳ್ಳು ಯಾಕೆ ಹೇಳಲಿ.

ಮದುವೆ ನೋಂದಣಿಯ ಪ್ರಮಾಣಪತ್ರ ಕೈಗೆ ಬಂತು. ಪವಿತ್ರ ಅದನ್ನು ಹಿಂದೆ ಮುಂದೆ ತಿರುಗಿಸಿ, ಹೆಸರಿನ ಮೇಲೆ ಬೆರಳಾಡಿಸಿ ನೋಡಿ, ಸರೋಜಳ ಕೈಗೆ ಕೊಟ್ಟಳು. "ಅತ್ತೆ, ಎಲ್ಲಾ ಸರಿಯಾಗೈತೆ ಕಣತ್ತೆ. ಇನ್ನು ನೀನು ಮಾವನ್ನ ಯಾವತ್ತು ಬೇಕಾದ್ರೂ ಬಿಡ್ಬೋದು, ದಾಖಲೆದು ಏನೂ ತೊಂದ್ರೆ ಬರಲ್ಲ. ರೂಪಾ ಮೇಡಂ ನಂಬರ್ ನನ್ನ ಹತ್ರ ಐತೆ" ಅಂದಳು. ಸರೋಜ ನಗುತ್ತಾಳೆ ಎಂದುಕೊಂಡೆ. ಅವಳು ನಗಲಿಲ್ಲ. "ಇರ್ಲಿ, ನೋಡಾನ" ಎಂದು ಕಾಗದವನ್ನು ನೀಟಾಗಿ ಮಡಿಸಿ ಬ್ಯಾಗಿಗೆ ಹಾಕಿಕೊಂಡಳು. ಮನೆಗೆ ಬಂದ ಮೇಲೆ ಅದನ್ನು ಎಲ್ಲಿಟ್ಟಳೋ ಇವತ್ತಿನವರೆಗೂ ನನಗೆ ಗೊತ್ತಿಲ್ಲ. ಅವಳು 'ಹೂವಿಗೆ ಹೋಗ್ಬರ್ತೀನಿ' ಎಂದು ಹೊರಗೆ ಹೋದಾಗ ಎರಡು ಸಲ ಹುಡುಕಿದ್ದೇನೆ, ಟ್ರಂಕಿನಲ್ಲೂ ಇಲ್ಲ, ದೇವರ ಪಟದ ಹಿಂದೆಯೂ ಇಲ್ಲ. ಕೇಳುವ ಧೈರ್ಯವಿಲ್ಲ. ಆವತ್ತಿನಿಂದ ಊಟವಾದ ಮೇಲೆ ನನ್ನ ತಟ್ಟೆಯನ್ನು ನಾನೇ ತೊಳೆದಿಡುತ್ತಿದ್ದೇನೆ.